ನಾನು ಹೇಳದ ಹನ್ನೆರಡು ಪುಟ

ಮೂವತ್ತು ವರ್ಷ ಲಾರಿ ಓಡಿಸಿದ ಕಥೆಯನ್ನು ನಾನು ಹೇಳಿದೆ, ಹೆಂಡತಿ ಬರೆದಳು. ತಿರುಗಿ ಓದುವ ತಾಳ್ಮೆ ನನಗಿರಲಿಲ್ಲ. ತಿದ್ದಲು ಹಿಡಿದ ಸಂಪಾದಕಿ ಇನ್ನೂರು ಪುಟಗಳಲ್ಲಿ ಹನ್ನೆರಡನ್ನು ಮಾತ್ರ ಉಳಿಸಿ, ಮಿಕ್ಕಿದ್ದಕ್ಕೆಲ್ಲ ಕೆಂಪು ಗೀಟೆಳೆದಿದ್ದಳು.

"ಮಿಕ್ಕಿದ್ದೆಲ್ಲ ಬಡಾಯಿ ಅಣ್ಣಾ. ಪುಸ್ತಕ ಅಂದ್ರೆ ಇದು."

ಓದಿದೆ. ನಾನು ತಟ್ಟೆ ಎಸೆದು ಮಗಳ ಹಣೆ ಒಡೆದದ್ದು, ಅವಳು ಮನೆ ಬಿಟ್ಟದ್ದು, ಕೊನೆಗೆ 'ತಪ್ಪು ನನ್ನದೇ' ಎಂಬ ಮಾತು. ಒಂದಕ್ಷರವನ್ನೂ ನಾನು ಹೇಳಿರಲಿಲ್ಲ.

ಮನೆಗೆ ಬಂದು ಗುಡುಗಿದೆ: "ಇದನ್ನ ಬರೀ ಅಂದೋರು ಯಾರೇ?"

ಹೆಂಡತಿ ಒಲೆ ಆರಿಸಿದಳು. "ಮಗಳು ಹೋದಾಗಿಂದ, ನೀವೇ ಹೇಳ್ತೀರ ಅಂತ ಆರು ವರ್ಷ ಕಾದೆ. ಬಾಯಿಗೆ ಬರಲೇ ಇಲ್ಲ. ಬೇಡ ಅಂದ್ರೆ ಹರೀರಿ."

ಹರಿಯಲು ಕೈ ಏಳಲಿಲ್ಲ. "ಅವಳ ವಿಳಾಸ ಇದೆಯಾ?" ಎಂದೆ.

"ಕೊನೇ ಪುಟದ ಹಿಂದೆ ಬರೆದಿದ್ದೀನಿ, ನೋಡಿ."