ಕುರ್ಚಿಯ ಪಕ್ಕದಲ್ಲೇ ಇಬ್ಬರಾದ ಕ್ಷೌರಿಕ

ಕ್ಷೌರಿಕನಿಗೆ ಆ ವಾರವಿಡೀ ಎಲ್ಲಿಲ್ಲದ ಹಸಿವು. ಇಬ್ಬರ ಊಟ ಒಬ್ಬನೇ ಮುಗಿಸಿ, ಅಂಗಿಯ ಗುಂಡಿ ಹಾಕಲಾಗದೆ ಒದ್ದಾಡುತ್ತಿದ್ದ. ಒಂದು ಬೆಳಿಗ್ಗೆ ಅಂಚೆಯವನ ಗಡ್ಡಕ್ಕೆ ನೊರೆ ಹಚ್ಚುತ್ತಿದ್ದವನ ಕೈ ತಟ್ಟನೆ ನಿಂತಿತು.

"ಒಳಗೆ ಏನೋ ಎಳೆಎಳೆಯಾಗಿ ಸುತ್ಕೊಳ್ತಿದೆ ಮಾರಾಯ" ಎಂದ.

ಅವನ ಹೆಂಡತಿ ಎದುರಿನ ಶಾಲೆಯಲ್ಲಿ ಜೀವಶಾಸ್ತ್ರದ ಟೀಚರ್. ಅಂಚೆಯವನು ಮುಖದ ನೊರೆಯೊಂದಿಗೇ ಓಡಿಹೋಗಿ ಅವಳನ್ನು ಕರೆತಂದ. ಅವಳು ಗಂಡನ ಎದೆಗೆ ಕಿವಿಯಿಟ್ಟು ಬೆಚ್ಚಿಬಿದ್ದಳು.

"ಅಯ್ಯೋ, ನೀವು ಜೀವಕೋಶದ ಹಾಗೆ ವಿಭಜನೆ ಆಗ್ತಿದ್ದೀರ ಕಣ್ರೀ! ಈ ವಾರ ಒಳಗಿರೋದೆಲ್ಲ ಎರಡೆರಡಾಗಿದೆ. ಈಗ ವರ್ಣತಂತುಗಳು ಸುರುಳಿ ಸುತ್ತಿ ದಪ್ಪ ಆಗ್ತಿವೆ. ಕೋಶಕೇಂದ್ರದ ಪೊರೆನೂ ಕರಗಿಹೋಗಿದೆ."

"ಆಸ್ಪತ್ರೆಗೆ ಹೋಗೋಣ್ವಾ?" ಎಂದ ಕ್ಷೌರಿಕ.

"ಅಲುಗಾಡ್ಬೇಡಿ! ತಂತುಗಳೆಲ್ಲ ಮಧ್ಯದಲ್ಲಿ ಸಾಲಾಗಿ ನಿಲ್ಬೇಕು. ಒಂದು ಆಚೀಚೆ ಆದ್ರೂ ಒಬ್ಬನಿಗೆ ಹೆಚ್ಚು, ಇನ್ನೊಬ್ಬನಿಗೆ ಕಡಿಮೆ ಆಗುತ್ತೆ."

ಕ್ಷೌರಿಕ ಉಸಿರು ಬಿಗಿಹಿಡಿದು ನಿಂತ. ಹಣೆಯಿಂದ ಹೊಕ್ಕುಳದವರೆಗೆ ಚರ್ಮದಡಿ ಒಂದು ಸಾಲು ಉಬ್ಬಿತು. ಎಡಬಲದಿಂದ ಯಾರೋ ಹಗ್ಗ ಜಗ್ಗಿದಂತೆ ಆ ಸಾಲು ಸೀಳಿ ಎರಡೂ ಪಕ್ಕೆಗಳತ್ತ ಸರಿಯಿತು. ಅವನು ಬಾಗಿಲಿನಷ್ಟು ಅಗಲವಾದ. ಮೂಗು ಎರಡಾಯಿತು.

"ಎರಡೂ ಕಡೆ ಹೊಸ ಪೊರೆ ಕಟ್ತಿದೆ, ಇನ್ನೇನು ಮುಗೀತು" ಎಂದು ಅವಳು ಧೈರ್ಯ ಹೇಳಿದಳು.

ನಡುವೆ ಮೂಡಿದ ಗೀರು ಆಳವಾಗುತ್ತ ಹೋಗಿ, ಒದ್ದೆ ಬಟ್ಟೆ ಕೊಡವಿದಂಥ ಸದ್ದಾಯಿತು. ಅಂಗಿ ಹರಿದು, ಇಬ್ಬರು ಕ್ಷೌರಿಕರು ನಾಚಿಕೊಂಡು ಒಂದೇ ಟವಲಿಗೆ ಕೈಹಾಕಿದರು.

"ನಿಮ್ಮಿಬ್ರಲ್ಲಿ ನನ್ನ ಗಂಡ ಯಾರು?"

"ನಾನೇ" ಎಂದರು ಇಬ್ಬರೂ.

"ಹಾಗಾದ್ರೆ ನಾವು ಮೊದಲ್ನೇ ಸಲ ಜಗಳ ಆಡಿದ್ದು ಯಾತಕ್ಕೆ?"

"ಕಿಟಕಿ ಪರದೆ ಬಣ್ಣಕ್ಕೆ!" ಎಂದರು ಇಬ್ಬರೂ ಒಂದೇ ಉಸಿರಿಗೆ. ಇಬ್ಬರ ಮುಖವೂ ಒಟ್ಟಿಗೆ ಸಪ್ಪಗಾಯಿತು.

ಒಡೆದು ಎರಡಾದ ತಾಯಿಕೋಶ ಸಾಯುವುದಿಲ್ಲ, ಉಳಿಯುವುದೂ ಇಲ್ಲ ಎಂದು ಅವಳು ವರ್ಷಾನುಗಟ್ಟಲೆ ಮಕ್ಕಳಿಗೆ ಹೇಳಿಕೊಟ್ಟಿದ್ದಳು. ಈಗ ಇಬ್ಬರ ಮುಖವನ್ನೂ ಬದಲಿಸಿ ಬದಲಿಸಿ ನೋಡಿ ಅತ್ತುಬಿಟ್ಟಳು. "ಬೆಳಿಗ್ಗೆ ನನ್ಜೊತೆ ಟೀ ಕುಡಿದೋರು ಎಲ್ಲಿಗೆ ಹೋದ್ರು?"

ಒಬ್ಬ ಅವಳ ಕಣ್ಣೊರೆಸಿದ. "ಅದನ್ನ ನಾನು ಮಾಡ್ಬೇಕಿತ್ತು" ಎಂದು ಇನ್ನೊಬ್ಬ ಮುನಿಸಿಕೊಂಡ. ಅವರಿಬ್ಬರಲ್ಲಿ ಕಂಡ ಮೊದಲ ವ್ಯತ್ಯಾಸ ಅದೇ.

ಸಂಜೆ ಮನೆಯಲ್ಲಿ ಅವಳ ಅತ್ತೆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು. "ಒಬ್ಬನ್ನ ಸಾಕೋಷ್ಟರಲ್ಲೇ ಸಾಕುಸಾಕಾಗಿತ್ತು. ಇರ್ಲಿ ಬಿಡಮ್ಮ, ಅವನು ನಿನಗೆ, ಇವನು ನನಗೆ" ಎಂದು, ಮುನಿಸಿಕೊಂಡವನನ್ನು ತಮ್ಮ ಮಂಚದ ಕಾಲು ಸರಿಮಾಡಿಸಲು ಒಳಗೆ ಎಳೆದೊಯ್ದರು.

ಉಳಿದವನು ಹೆಂಡತಿಯ ಪಕ್ಕ ಕುಳಿತು, "ನೋಡಿದ್ಯಾ, ನಾನೇ ಗೆದ್ದೆ" ಎಂದು ಬೀಗಿದ.

ಅವಳು ಒಳಗಿನಿಂದ ಬರುತ್ತಿದ್ದ ಸುತ್ತಿಗೆಯ ಸದ್ದಿಗೆ ಕಿವಿಗೊಟ್ಟು ಕುಳಿತಿದ್ದಳು.