ಹೊನ್ನವ್ವ ಕಂಡ ಸಾಬೂದಾಣಿ

೧೯೪೧ರ ಚಳಿಗಾಲದಲ್ಲಿ ಡಾಕ್ಟರ್ ನಲಿನಿ ವಾರಕ್ಕೊಮ್ಮೆ ಹಾವೇರಿಯಿಂದ ರೈಲಿನಲ್ಲಿ ಬ್ಯಾಡಗಿಗೆ ಬಂದು, ಮೆಣಸಿನಕಾಯಿಯ ತೊಟ್ಟು ಮುರಿಯುವ ಹೆಂಗಸರ ಮುಂದೆ ಕೂತು, ಒಂದೂ ಕಣ್ಣು ನೋಡದೆ ಹಿಂದಿರುಗುತ್ತಿದ್ದಳು. ಅವರ ರೆಪ್ಪೆಯೊಳಗೆ ಒಂದು ಅಂಟುರೋಗವಿದೆ, ಮನೆಮಂದಿಗೆಲ್ಲ ಒಂದೇ ಬೆರಳಿನಿಂದ ಕಾಡಿಗೆ ಹಚ್ಚುವುದರಿಂದ ಅದು ಹರಡುತ್ತದೆ ಎಂಬುದು ಅವಳ ವಾದ. ವಾದಕ್ಕೆ ನೂರು ಜನರ ಕಣ್ಣು ಬೇಕಿತ್ತು. ಅವಳ ವಹಿಯಲ್ಲಿ ಇನ್ನೂ ಒಂದು ಹೆಸರೂ ಇರಲಿಲ್ಲ. ಸುಗ್ಗಿ ಮುಗಿದರೆ ಹೆಂಗಸರು ಚದುರುತ್ತಾರೆ, ಕೆಲಸ ಮುಂದಿನ ವರ್ಷಕ್ಕೆ ಬೀಳುತ್ತದೆ.

ನೋಡಬೇಕಾದರೆ ಮೇಲಿನ ರೆಪ್ಪೆಯನ್ನು ಬೆಂಕಿಕಡ್ಡಿಯ ಮೇಲೆ ಮಗುಚಬೇಕು. ಅದನ್ನು ಕೇಳಿದ ದಿನವೇ ಎಲ್ಲರೂ ಸೆರಗನ್ನು ಮುಖಕ್ಕೆ ಎಳೆದುಕೊಂಡಿದ್ದರು.

"ಕಣ್ಣು ಕೆಂಪಾಗೋದು ಖಾರಕ್ಕರಿ, ಡಾಕ್ಟರಬಾಯಾರ," ಎಂದಳು ಗುಂಪಿನ ಹಿರಿಯಳಾದ ಹೊನ್ನವ್ವ. "ಇದಕ್ಕ ಇಷ್ಟು ಓದಬೇಕೇನ್ರಿ? ನಮ್ಮ ಎಮ್ಮಿಗೂ ಗೊತ್ತೈತಿ."

"ಖಾರದ್ದು ಸಂಜಿಗೆ ಹೋಗ್ತದ. ಇದು ಹೋಗೂದಿಲ್ಲ. ಒಳಗ ಕಾಳು ಏಳ್ತಾವ."

"ಮೊದಲ ನಿಮ್ಮದು ತಿರುವಿ ತೋರಸ್ರಿ. ಕಣ್ಣಗುಡ್ಡಿ ಕೆಳಗ ಬೀಳಲಿಲ್ಲಂದ್ರ ನಮ್ಮದು ನೋಡೀರಂತ."

"ಬಿದ್ರ ಈ ರಾಶ್ಯಾಗ ಹುಡುಕೋರು ಯಾರು?" ಎಂದಳು ಪಕ್ಕದ ಮೆಹಬೂಬಿ, ಕೈಕೆಲಸ ನಿಲ್ಲಿಸದೆ.

ನಲಿನಿ ಕಡ್ಡಿ ತೆಗೆದು ತನ್ನ ಬಲಗಣ್ಣಿನ ರೆಪ್ಪೆಯನ್ನು ಮಗುಚಿ, ಭೂತಗನ್ನಡಿಯನ್ನು ಹೊನ್ನವ್ವನಿಗೆ ಚಾಚಿದಳು. "ನೋಡವಾ. ರೋಗ ಇಲ್ಲದ ರೆಪ್ಪಿ ಹಿಂಗ ನಯ ಇರ್ತದ."

ಹೊನ್ನವ್ವ ಖಾರದ ಕೈ ತಾಗದಂತೆ ಗಾಜನ್ನು ಸೆರಗಿನಿಂದ ಹಿಡಿದು ಬಹಳ ಹೊತ್ತು ನೋಡಿದಳು.

"ನಯ ಎಲ್ಲೈತ್ರಿ? ಸಾಬೂದಾಣಿ ಹರವಿದಂಗ ಐತಿ."

ಮೆಹಬೂಬಿಯೂ ಬಗ್ಗಿದಳು. "ಖರೇ. ಎಂಟ್ಹತ್ತು ಅದಾವ."

ನಲಿನಿಯ ವೈದ್ಯಪುಸ್ತಕದಲ್ಲೂ ಈ ರೋಗಕ್ಕೆ ಅದೇ ಹೋಲಿಕೆ ಇತ್ತು: ಸಬ್ಬಕ್ಕಿಯಂಥ ಕಾಳುಗಳು. ಹೊನ್ನವ್ವನಿಗೆ ಓದು ಬರುತ್ತಿರಲಿಲ್ಲ. ಊರವರ ರೆಪ್ಪೆಗಾಗಿ ಅಲೆದ ಡಾಕ್ಟರು ತನ್ನದನ್ನು ಯಾರಿಗೂ ತೋರಿಸಿರಲಿಲ್ಲ. ತನಗೂ ಆ ರೋಗ ಇರಬಹುದು ಎಂದು ನಲಿನಿಗೆ ಹೊಳೆದೇ ಇರಲಿಲ್ಲ.

"ನೀವು ಯಾವಾಗ ತೊಟ್ಟು ಮುರದ್ರಿ?" ಹೊನ್ನವ್ವ ಕೇಳಿದಳು.

"ಒಂದಿನಾನೂ ಇಲ್ಲ."

"ಕಾಡಗಿ?"

"ನಮ್ಮ ತಾಯಿ ಹಚ್ತಾರ. ಮನ್ಯಾಗ ಎಲ್ಲಾರಿಗೂ."

"ಒಂದ ಬೆರಳಲೆ?"

ನಲಿನಿ ಹೌದೆಂದು ತಲೆಯಾಡಿಸಿದಳು.

"ಹಂಗಾರ ಖಾರದ್ದಲ್ಲ ಬಿಡ್ರಿ," ಎಂದಳು ಹೊನ್ನವ್ವ. "ಬರಕೋರಿ."

"ನಿನ್ನ ಹೆಸರೇನ?"

"ಮೊದಲ ನಿಮ್ಮದು. ಪಾಳಿ ಪ್ರಕಾರ."

ನಲಿನಿ ವಹಿ ತೆರೆದು ಮೊದಲ ಸಾಲಿನಲ್ಲಿ ತನ್ನ ಹೆಸರು, ಊರು, ರೋಗ ಬರೆದಳು. ಹೊನ್ನವ್ವ ಮುಂದಕ್ಕೆ ಸರಿದು ಕೂತು, ಮುಖದ ಸೆರಗನ್ನು ಹಿಂದಕ್ಕೆ ತಳ್ಳಿದಳು. ನಲಿನಿಯ ಕೈ ಹತ್ತಿರ ಬರುತ್ತಲೇ ಅದನ್ನು ಹಿಡಿದು ನಿಲ್ಲಿಸಿದಳು.

"ಹೊಸಾ ಕಡ್ಡಿ ತಗೋರಿ. ನಿಮ್ಮ ರೋಗ ನನಗ ಬ್ಯಾಡ."