ಸುತ್ತಿಗೆ ನನ್ನ ಕೈಯಲ್ಲಿ

ಮೀಸೆಯ ಗೋಂದು ಒಣಗುತ್ತಾ ಮೇಲ್ದುಟಿಯನ್ನು ಎಳೆಯುತ್ತಾ ಉಂಟು, ಇರುವೆ ಹರಿದ ಹಾಗೆ, ಕೆರೆದುಕೊಳ್ಳುವ ಹಾಗಿಲ್ಲ, ಕೆರೆದರೆ ಮೀಸೆ ಬಿದ್ದೀತು, ಬಿದ್ದರೆ ನಾನು ಸೆನೆಟರ್ ಅಲ್ಲ, ಬರೀ ಜಲಜಾಕ್ಷಿ, ಕೋಟೇಶ್ವರದ ಟೈಲರ್ ಜಲಜಾಕ್ಷಿ, ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಬಂದವಳು, ಈಗ ನೋಡಿದರೆ ಜಾರ್ಜಿಯಾದ ಲಾರೆನ್ಸ್‌ವಿಲ್ಲಿನ ಚರ್ಚಿನ ಹಾಲಿನಲ್ಲಿ ಸೀರೆಯ ಮೇಲೆ ಗಂಡಸಿನ ಕೋಟು ತೊಟ್ಟು ಸ್ಟೇಜಿನ ಮೇಲೆ ಕೂತಿದ್ದೇನೆ, ಕೈಯಲ್ಲಿ ಮರದ ಸುತ್ತಿಗೆ, ಎಷ್ಟು ಹಗುರ, ಒಂದು ಬಾಳೆಹಣ್ಣಿನಷ್ಟೇ ಭಾರ. ಮೇಜಿನ ಆಚೆ ಕತ್ತಲೆ, ಕತ್ತಲೆಯಲ್ಲಿ ಜನ, ಜನರ ಕೈಯಲ್ಲಿ ಬೀಸಣಿಗೆ, ಮಧ್ಯಾಹ್ನದ ಸೆಖೆಗೆ ಎಲ್ಲ ಒಟ್ಟಿಗೆ ಅಲ್ಲಾಡುತ್ತವೆ, ಗದ್ದೆಯಲ್ಲಿ ಬೆಳ್ಳಕ್ಕಿಗಳು ಕೂತು ರೆಕ್ಕೆ ಬಡಿದ ಹಾಗೆ. ದೀಪದ ಬೆಳಕು ಕಾಯಿಸಿದ ಎಣ್ಣೆಯ ಬಣ್ಣದ್ದು, ತಲೆಯಿಂದ ಹೆಗಲಿಗೆ ಮೆಲ್ಲಗೆ ಇಳಿಯುತ್ತದೆ, ಎಣ್ಣೆ — ಬೆಳಿಗ್ಗೆ ಮಗಳು ಸುರಕ್ಷಾಳ ಕಾಲಿಗೆ ಹಚ್ಚಿದ ತೆಂಗಿನೆಣ್ಣೆ, ಪಾದದ ಮೇಲೆ ನನ್ನ ಹೆಬ್ಬೆರಳು ಒತ್ತಿದಲ್ಲಿ ಒಂದು ಗುಳಿ ಬಿತ್ತು, ಗುಳಿಯಲ್ಲಿ ಎಣ್ಣೆ ನಿಂತಿತು — ಇರಲಿ, ಈಗ ಅದಲ್ಲ, ಈಗ ಸುತ್ತಿಗೆ. ನನಗೆ ಮಾತಿಲ್ಲ, ಇರುವುದು ಒಂದೇ ಕೆಲಸ, ವರ್ನೆಲಕ್ಕ ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ ಅಂದ ಕೂಡಲೇ ಟಕ್ ಅಂತ ಒಂದು ಪೆಟ್ಟು. ವರ್ನೆಲಕ್ಕ ಎದುರು ಮನೆಯವಳು, ಮೂವತ್ತು ವರ್ಷ ನರ್ಸಾಗಿದ್ದ ಕಪ್ಪು ಹೆಂಗಸು, ಈ ನಾಟಕ ಅವಳೇ ಬರೆದದ್ದು, ಅದರಲ್ಲಿ ಸೆನೆಟಿನ ಸಮಿತಿಯ ಅಧ್ಯಕ್ಷನ ವೇಷವೂ ಅವಳದ್ದೇ, ನಾನು ಅಕ್ಕ ಅಂದದ್ದು ಅವಳಿಗೆ ಎಷ್ಟು ಹಿಡಿಸಿತೆಂದರೆ ಫೋನಿನಲ್ಲೂ ದಿಸ್ ಈಸ್ ವರ್ನೆಲಕ್ಕ ಅಂತಾಳೆ. ವೇಷಗಳನ್ನೆಲ್ಲ ಹೊಲಿದುಕೊಟ್ಟದ್ದು ನಾನು, ಐದು ಕೋಟು, ಒಂದು ಹತ್ತಿಯ ಹೊಟ್ಟೆ, ಸುತ್ತಿಗೆ ಹಿಡಿಯಬೇಕಾಗಿದ್ದ ಹೆಂಗಸಿಗೆ ಇವತ್ತೇ ಕೆಲಸದಲ್ಲಿ ಡಬಲ್ ಶಿಫ್ಟ್ ಬಿತ್ತು, ವರ್ನೆಲಕ್ಕ ಬಾಗಿಲಿಗೆ ಬಂದಳು, ಮಿಸ್ ಜಲಜಾ, ಆ ಕೋಟು ನಿನ್ನ ಅಳತೆಗೇ ಹೊಲಿದ ಹಾಗೆ ಉಂಟು. ಒಂಬತ್ತು ದಿನದ ಬಾಣಂತಿಯನ್ನು ಬಿಟ್ಟು ಹೇಗೆ ಬರಲಿ ಮಾರಾಯ್ತಿ ಅಂದರೆ ಒಳಗಿಂದ ಸುರಕ್ಷಾ, ಹೋಗಮ್ಮ, ಜಸ್ಟ್ ಟೂ ಅವರ್ಸ್, ಪಾಪು ಮಲಗಿದೆ, ನಾನೂ ಮಲಗ್ತೇನೆ, ಐದು ಗಂಟೆಗೆ ಪ್ರತೀಕ್ ಬರ್ತಾರಲ್ಲ. ಅಳಿಯ ಶನಿವಾರವೂ ಅಟ್ಲಾಂಟಾದ ಆಫೀಸಿಗೆ ಓಡಿದ್ದಾನೆ, ಯಾವುದೋ ಸರ್ವರ್ ಬಿದ್ದಿದೆಯಂತೆ, ಬಿದ್ದದ್ದನ್ನು ಎತ್ತಲಿಕ್ಕೆ ಇವನೇ ಆಗಬೇಕಂತೆ. ವರ್ನೆಲಕ್ಕ ಹೊಸ್ತಿಲಲ್ಲಿ ನಿಂತು ಕತ್ತು ಉದ್ದ ಮಾಡಿದಳು, ಒಮ್ಮೆ ತಾಯಿ ಮಗುವನ್ನು ನೋಡಿ ಬರಲಾ, ಒಂದೇ ನಿಮಿಷ. ಬೇಡ ಅಕ್ಕ, ಹನ್ನೊಂದು ದಿನದ ಪುರುಡು ಕಳೆಯಲಿ, ಅಲ್ಲಿವರೆಗೆ ನಮ್ಮಲ್ಲಿ ಹೊರಗಿನವರು ಬಾಣಂತಿ ಕೋಣೆಗೆ ಬರ್ಲಿಕ್ಕಿಲ್ಲ. ಯುವರ್ ರೂಲ್ಸ್, ಅಂತ ನಕ್ಕಳು, ನಕ್ಕರೂ ಕಣ್ಣು ಆ ಮುಚ್ಚಿದ ಬಾಗಿಲ ಮೇಲೇ ಇತ್ತು.

ಪರದೆ ಸರಿದಿದೆ, ಹಿಂದೆ ವಾಷಿಂಗ್ಟನ್ನಿನ ದೊಡ್ಡ ಗುಮ್ಮಟ, ರಟ್ಟಿನದ್ದು, ಮುಂದೆ ಐದು ಮೀಸೆಗಳು, ಐದೂ ಹೆಂಗಸರದ್ದು, ನಮ್ಮೂರಿನ ಬಯಲಾಟದಲ್ಲಿ ಗಂಡಸರು ಸೀರೆ ಉಟ್ಟು ರಾಣಿಯಾಗುವುದನ್ನು ಗದ್ದೆಯಲ್ಲಿ ಚಾಪೆ ಹಾಸಿ ನೋಡಿದವಳು ನಾನು, ಇಲ್ಲಿ ಎಲ್ಲ ತಿರುಗುಮುರುಗು. ಇಂಗ್ಲಿಷ್ ಪೂರಾ ತಿಳಿಯುವುದಿಲ್ಲ, ಏಳನೇ ಕ್ಲಾಸಿಗೆ ಬಿಟ್ಟದ್ದು, ಆಮೇಲಿನದ್ದೆಲ್ಲ ಕಿವಿಯಿಂದಲೇ ಕಲಿತದ್ದು, ತಿಳಿದಷ್ಟನ್ನು ನನ್ನ ತಲೆಯೇ ಕನ್ನಡ ಮಾಡಿ ನನಗೆ ಹೇಳುತ್ತದೆ. ಷರೀಸ್ ಎಂಬ ಹುಡುಗಿ ಬಸುರಿ ಬರ್ನೀಸ್ ಆಗಿ ಮೈಕಿನ ಮುಂದೆ ನಿಂತಿದ್ದಾಳೆ, ನಾನು ಹೊಲಿದ ಹೊಟ್ಟೆ ಅವಳಿಗೆ ಎಷ್ಟು ಚಂದ ಕೂತಿದೆ, ತಾಯಂದಿರ ಮಾನ್ಯ ಸಮಿತಿಯ ಮುಂದೆ ಅವಳ ವಿಚಾರಣೆ. ಒಬ್ಬ ಸೆನೆಟರ್ ನನ್ನದೇ ಟೇಪು ಹಿಡಿದು ಹೊಟ್ಟೆ ಅಳೆಯುತ್ತಾನೆ, ಅಧ್ಯಕ್ಷರೇ, ಈ ಹೊಟ್ಟೆ ಜಾರ್ಜಿಯಾದಲ್ಲಿ ಶುರುವಾಗಿ ಸೌತ್ ಕೆರೊಲಿನಾದ ಒಳಗೆ ಹೋಗಿದೆ, ಯಾವ ರಾಜ್ಯದ ಕಾನೂನು ಹಾಕುವುದು, ಇನ್ನೊಬ್ಬ ಈ ವರ್ಷ ಚುನಾವಣೆ ಅಲ್ವಾ ಅಂತ ಹೊಟ್ಟೆಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಾನೆ, ಮುಖ ಚೌಕಟ್ಟಿನ ಒಳಗೆ ಬರುವುದು ಬೇಡಮ್ಮ, ಹೊಟ್ಟೆ ಸಾಕು. ಕತ್ತಲೆ ಗೊಳ್ ಅಂತ ನಗುತ್ತದೆ, ಬೀಸಣಿಗೆಗಳು ತೊಡೆಗೆ ಬಡಿಯುತ್ತವೆ, ನನಗೂ ನಗು, ಮೀಸೆ ಎಳೆಯುತ್ತದೆ. ಸರ್, ನನ್ನ ಕಾಲು ಊದಿದೆ ಅಂತಾಳೆ ಬರ್ನೀಸ್. ವರ್ನೆಲಕ್ಕ ಮೀಸೆ ತೀಡುತ್ತಾಳೆ, ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ. ಟಕ್. ಆಹಾ, ಸರಿಯಾಗಿ ಬಿತ್ತು. ಮುಂದಿನ ವಿಷಯ, ತಾಯಂದಿರ ದಿನದ ಹೂಗುಚ್ಛ, ಗುಲಾಬಿಯೋ ಹಳದಿಯೋ, ಮತಕ್ಕೆ ಹಾಕಿ — ಕಾಲು ಊದಿದೆ, ಊದದೆ ಏನು, ಬಾಣಂತಿ ನೀರು ಕುಡಿದರೆ ಮೈ ಊದ್ತದೆ ಅಂತ ನನ್ನ ಅಮ್ಮ ನನಗೆ ಲೋಟ ಲೆಕ್ಕ ಮಾಡಿ ಕೊಡುತ್ತಿದ್ದರು, ಸುರಕ್ಷಾ ನೋಡಿದರೆ ಫ್ರಿಜ್ಜಿನ ಬಾಟ್ಲಿಯನ್ನೇ ಎತ್ತುತ್ತಾಳೆ, ಬೆಳಿಗ್ಗೆ, ಅಮ್ಮ, ಕಾಲು ತುಂಬ ಊದಿದೆ ಅಂದಳು, ಬೈದೆ, ನೋಡು ಮಗಾ, ಕಾಲು ಹಲಸಿನ ಹಣ್ಣಾಗಿದೆ, ಇನ್ನು ನಾನು ಕೊಟ್ಟಷ್ಟೇ ನೀರು, ಅವಳು ಸಣ್ಣವಳಿದ್ದಾಗಿನ ಹಾಗೆ ತುಟಿ ಮುಂದೆ ಮಾಡಿದಳು, ನಾನು ಎಣ್ಣೆ ಹಚ್ಚಿ ತಿಕ್ಕಿದೆ, ಹೆಬ್ಬೆರಳು ತೆಗೆದ ಮೇಲೂ ಗುಳಿ ಅಲ್ಲೇ ಇತ್ತು. ಹತ್ತಿಯ ಹೊಟ್ಟೆ ಹಾಗಲ್ಲ, ಹೊಲಿದು ಮುಗಿಸಿ ಅದರ ಮೇಲೂ ಒತ್ತಿ ನೋಡಿದ್ದೆ, ಪುಸಕ್ಕಂತ ಮೇಲೆ ಬಂತು, ವರ್ನೆಲಕ್ಕ ಚಪ್ಪಾಳೆ ಹೊಡೆದಳು, ಇದಕ್ಕೆ ಜೀವ ಉಂಟು ಮಿಸ್ ಜಲಜಾ. ಹತ್ತಿ ಮೇಲೆ ಬಂತು, ಮಗಳ ಕಾಲು ಬರಲಿಲ್ಲ, ನಾನು ಅದರ ಮೇಲೆ ಕಾಲುಚೀಲ ಹಾಕಿದೆ, ಉಣ್ಣೆಯದ್ದು, ಶೀತ ಆಗದಿರಲಿ ಅಂತ.

ಸ್ಟೇಜಿನ ಮೇಲೆ ಸಮಿತಿ ಊಟಕ್ಕೆ ಎದ್ದಿತು, ನಾವು ಐವರೂ ಬೆನ್ನು ತಿರುಗಿಸಿ ಸುಳ್ಳು ಚಮಚದಿಂದ ಸುಳ್ಳು ಸೂಪು ಕುಡಿಯಬೇಕು, ಅಷ್ಟರಲ್ಲಿ ನಮ್ಮ ಬೆನ್ನ ಹಿಂದೆಯೇ ಬರ್ನೀಸ್ ಹೆರುತ್ತಾಳೆ, ಹತ್ತಿಯ ಹೊಟ್ಟೆಯನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿದರೆ ಅದೇ ಮಗು, ಯಾರೋ ಹಾಡುತ್ತಿದ್ದಾರೆ, ಮಾತಿಲ್ಲದ ಬರೀ ಮೂಗಿನ ರಾಗ, ನಾನು ತೊಟ್ಟಿಲು ತೂಗುವಾಗ ಎಳೆಯುವ ರಾಗವೇ ಹೀಗೆ ಸಮುದ್ರ ದಾಟಿ ಬಂತೋ ಏನೋ, ಕಣ್ಣು ಭಾರವಾಗುತ್ತದೆ, ಹೊಲಿಗೆ ಮೆಷಿನ್ನಿನ ಸದ್ದು ಕೇಳಿದ ಹಾಗೆ, ಅದು ನಮ್ಮ ಅಡುಗೆಮನೆಯ ಮೇಜು, ಕೋಟಿನ ತೋಳು ಜೋಡಿಸುತ್ತಿದ್ದೇನೆ, ವರ್ನೆಲಕ್ಕ ಗುಂಡಿ ಆರಿಸುತ್ತಾ ತಂಗಿಯ ಕಥೆ ಹೇಳುತ್ತಿದ್ದಾಳೆ, ಒಡೆಸಾ ಅಂತ ಹೆಸರು, ಸೌತ್ ಕೆರೊಲಿನಾದಲ್ಲಿ ಹೆರಿಗೆ, ಮೂರು ಸಲ ಹೇಳಿದಳಂತೆ ತನಗೆ ಸರಿ ಇಲ್ಲ ಅಂತ, ಮೂರು ಸಲವೂ ಮಾತ್ರೆ ಕೊಟ್ಟು ಮನೆಗೆ ಕಳಿಸಿದರಂತೆ, ಹನ್ನೊಂದನೇ ದಿನ ತೀರಿಹೋದಳು. ನೀನು ನರ್ಸಲ್ವಾ ಅಕ್ಕ, ನೀನು ಹೇಳಬಹುದಿತ್ತಲ್ಲ. ನಾನು ಇಲ್ಲಿ ಡ್ಯೂಟಿಯಲ್ಲಿದ್ದೆ, ಬೇರೆಯವರ ತಂಗಿಯರನ್ನು ನೋಡ್ತಾ ಇದ್ದೆ. ಅಂಥದ್ದನ್ನು ನಗುವ ನಾಟಕ ಮಾಡುವುದಾ ಅಂದೆ, ಅವಳು ಗುಂಡಿಯೊಂದನ್ನು ಬೆಳಕಿಗೆ ಹಿಡಿದು ನೋಡಿದಳು, ಅಳಿಸಿದರೆ ಕಣ್ಣೊರೆಸಿಕೊಂಡು ಮನೆಗೆ ಹೋಗ್ತಾರೆ ಜಲಜಾ, ನಗಿಸಿದರೆ ಯಾಕೆ ನಕ್ಕೆ ಅಂತ ದಾರಿಯಲ್ಲಿ ಯೋಚನೆ ಮಾಡ್ತಾರೆ. ಹನ್ನೊಂದನೇ ದಿನ. ಇವತ್ತು ಒಂಬತ್ತು. ಊಟ ಮುಗಿಯಿತು, ನಾವು ತಿರುಗಿ ಕೂತೆವು, ಸರ್, ನನ್ನ ತಲೆ ಸಿಡಿಯುತ್ತಾ ಇದೆ ಅಂತಾಳೆ ಬರ್ನೀಸ್, ಕಂಕುಳಲ್ಲಿ ಹತ್ತಿಯ ಮಗು. ಮಗು ಬಂತಲ್ಲಮ್ಮ ಅಂತಾಳೆ ವರ್ನೆಲಕ್ಕ, ಫೈಲು ಮುಚ್ಚಿತು, ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ — ಟಕ್. ಜನ ನಕ್ಕರು, ನಾನು ನಗಲಿಲ್ಲ, ಯಾಕೆಂದರೆ ನಿನ್ನೆ ಸಂಜೆ ಸುರಕ್ಷಾ, ಅಮ್ಮ, ಹೆಡ್ಡೇಕ್ ಹೋಗ್ತಾನೇ ಇಲ್ಲ, ಡಾಕ್ಟರ್ ಆಫೀಸಿಗೆ ಕಾಲ್ ಮಾಡ್ಲಾ, ಎಂತಕ್ಕೆ ಮಗಾ, ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ಕೂತರೆ ಗಾಳಿ ಹೊಗದೆ ಇರ್ತದಾ, ಬಾ, ಮೆಣಸಿನ ಕಷಾಯ ಕುಡಿ, ನಾನು ಎರಡು ಹೆತ್ತವಳು, ನನಗೆ ಗೊತ್ತಿಲ್ವಾ. ಟಕ್. ಬಟ್ಟೆಯನ್ನು ಇನ್ನೂ ಬಿಗಿ ಮಾಡಿ ಕಟ್ಟಿದೆ. ಟಕ್. ಯಾರು ಹೊಡೆದದ್ದು, ಸುತ್ತಿಗೆ ಮೇಜಿನ ಮೇಲೇ ಇದೆ, ಯಾರೂ ಹೊಡೆಯಲಿಲ್ಲ. ಗುಳಿಯಲ್ಲಿ ಎಣ್ಣೆ ನಿಂತಿತ್ತು, ಕಿಟಕಿಯ ಬೆಳಕು ಅದರಲ್ಲಿ ಸಣ್ಣದಾಗಿ ಕಾಣುತ್ತಿತ್ತು.

ಸರ್, ಕಣ್ಣ ಮುಂದೆ ಮಿಣುಕು ಮಿಣುಕು ಕಾಣುತ್ತಿದೆ. ಇದನ್ನು ಹೇಳಿದವಳು ಬರ್ನೀಸಾ ಸುರಕ್ಷಾಳಾ, ಇವತ್ತು ಗಂಜಿ ಉಣ್ಣುವಾಗ ಅವಳು ಕಣ್ಣುಜ್ಜಿ, ಅಮ್ಮ, ಏನೋ ಸ್ಪಾರ್ಕಲ್ ಥರ ಬರ್ತಾ ಉಂಟು ಅಂದಾಗ ನಾನು, ಹಸಿ ಬಾಣಂತಿ ಟೀವಿ ನೋಡಿದರೆ ಮತ್ತೆ ಎಂತ ಆಗ್ತದೆ ಅಂದಿದ್ದೆ, ಮೂರು, ಅವಳು ಮೂರು ಸಲ ಹೇಳಿ ಆಗಿದೆ, ವರ್ನೆಲಕ್ಕ ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ ಅಂದಳು, ಸುತ್ತಿಗೆ ಹಿಡಿದ ನನ್ನ ಕೈ ಮೇಲೆ ಹೋಯಿತು, ಕೆಳಗೆ ಬರಲಿಲ್ಲ, ಇದು ಇವತ್ತಿನ ಅಜೆಂಡಾದಲ್ಲಿ ಇಲ್ಲ ಅಂತ ಅವಳು ಮತ್ತೊಮ್ಮೆ, ಓರೆಗಣ್ಣಲ್ಲಿ ನನ್ನನ್ನು ನೋಡುತ್ತಾ, ಕುರ್ಚಿ ಬಿತ್ತು, ನಾನು ಎದ್ದಿದ್ದೇನೆ, ಸೆನೆಟರ್ ಸುತ್ತಿಗೆ ಎತ್ತಿಕೊಂಡೇ ಸ್ಟೇಜು ದಾಟುತ್ತಾನೆ, ಕೋಟಿನ ಕೆಳಗೆ ಸೀರೆಯ ನೆರಿಗೆ, ಜನ ಹೊಟ್ಟೆ ಹಿಡಿದು ನಗುತ್ತಿದ್ದಾರೆ, ಇದೂ ನಾಟಕವೇ ಅಂದುಕೊಂಡು, ನಗಲಿ. ಅಕ್ಕ, ನನ್ನ ಮಗಳು. ಕಾಲು, ತಲೆ, ಕಣ್ಣು, ಮೂರನ್ನೂ ಮುಟ್ಟಿ ತೋರಿಸಿದೆ, ಇಂಗ್ಲಿಷ್ ಎಲ್ಲ ಓಡಿಹೋಗಿತ್ತು. ವರ್ನೆಲಕ್ಕ ಮೀಸೆ ಕಿತ್ತು ಬಿಸಾಡಿದಳು, ಮೀಸೆ ಇಲ್ಲದ ಮುಖ ನರ್ಸಿನ ಮುಖ, ಎಷ್ಟು ಹೊತ್ತಿಂದ ಅಂದಳು, ನಿನ್ನೆಯಿಂದ ಅಂದೆ, ಓ ಲಾರ್ಡ್, ಒಡೆಸಾ ಅಂದಳು, ಸುರಕ್ಷಾ ಅನ್ನಲಿಲ್ಲ. ಪರದೆಯ ಪಕ್ಕಕ್ಕೆ ಎಳೆದುಕೊಂಡು ಹೋಗಿ ಷರೀಸಳ ಫೋನಿಂದ ಒಂಬತ್ತು ಒಂದು ಒಂದು ಒತ್ತಿ ನಮ್ಮ ಮನೆಯ ವಿಳಾಸ ಹೇಳುತ್ತಿದ್ದಾಳೆ, ಒಂಬತ್ತು ದಿನದ ಬಾಣಂತಿ, ಬಿಪಿ ಏರಿರಬೇಕು, ಫಿಟ್ಸ್ ಬರಬಹುದು, ಒಬ್ಬಳೇ ಇದ್ದಾಳೆ, ನೋ ಸರ್, ಕಾಯಲಿಕ್ಕೆ ಆಗುವುದಿಲ್ಲ, ತನ್ನ ಫೋನು ನನ್ನ ಕಿವಿಗೆ ಇಟ್ಟಿದ್ದಾಳೆ, ರಿಂಗಾಗುತ್ತಿದೆ, ರಿಂಗಾಗುತ್ತಿದೆ, ಎದ್ದೇಳು ಮಗಾ, ಮುಚ್ಚಿದ ಬಾಗಿಲು, ಬಿಗಿಯಾಗಿ ಕಟ್ಟಿದ ಬಟ್ಟೆ, ಎಲ್ಲ ನಾನೇ ಕಟ್ಟಿದ್ದು, ಎದ್ದೇಳು — ಅಮ್ಮಾ, ಅಂತ ಎಲ್ಲೋ ನೀರಿನ ಅಡಿಯಿಂದ ಬಂದ ಹಾಗೆ ಅವಳ ಸ್ವರ, ಅಮ್ಮಾ, ತುಂಬ ಬಾಯಾರಿಕೆ, ಸ್ವಲ್ಪ ನೀರು ಕುಡಿಯಲಾ. ಕುಡಿ ಮಗಾ, ಕುಡಿ, ಬಾಗಿಲ ಚಿಲಕ ತೆಗೆದಿಡು, ಆಂಬುಲೆನ್ಸ್ ಬರ್ತದೆ, ಹೆದರಬೇಡ, ವರ್ನೆಲಕ್ಕನೂ ಬರ್ತಾಳೆ, ಕೋಣೆಯ ಒಳಗೇ ಬರ್ತಾಳೆ. ಪಕ್ಕದಿಂದ ವರ್ನೆಲಕ್ಕ, ಕಾಲು ಒತ್ತಿ ನೋಡಲಿಕ್ಕೆ ಹೇಳು, ಒತ್ತಿದ್ದು ಮೇಲೆ ಬರ್ತದಾ ಕೇಳು, ಆಂಬುಲೆನ್ಸಿನವರಿಗೆ ಹೇಳಬೇಕು. ಕಾಲುಚೀಲ ಸರಿಸು ಮಗಾ, ಹೆಬ್ಬೆರಳಿಂದ ಒತ್ತಿ ಬಿಡು. ಆಚೆ ಬಟ್ಟೆಯ ಸರಸರ, ಉಸಿರು, ದೂರದಲ್ಲಿ ಪಾಪುವಿನ ಕುಯ್‌ಕುಯ್, ಈಚೆ ಜನ ಇನ್ನೂ ನಗುತ್ತಲೇ ಇದ್ದಾರೆ, ಅಮ್ಮಾ, ಅಂದಳು, ಅದು ಮೇಲೆ ಬರ್ತಾ ಇಲ್ಲ — ಗುಳಿ, ನನ್ನ ಹೆಬ್ಬೆರಳಿನಷ್ಟೇ ಅಗಲ, ಅದರಲ್ಲಿ ಎಣ್ಣೆ, ಎಣ್ಣೆಯಲ್ಲಿ ಕಿಟಕಿಯ ಬೆಳಕು, ಗುಳಿ, ಹಾಗೇ ಉಂಟು, ಗುಳಿ